ಮುದ್ರೆಯ ಮೇಲೆ ಮುದ್ರೆ

"ಮುಟ್ಟಬೇಡಿ ಮೇಡಂ, ಪುಡಿಪುಡಿ ಆಗಿಬಿಡುತ್ತೆ," ಎಂದ ಮೇಸ್ತ್ರಿ.

ಅಷ್ಟು ಹೊತ್ತಿಗೆ ಪತ್ತೇದಾರಿಣಿ ಮುಟ್ಟಿಯಾಗಿತ್ತು. ಬೀಗಕ್ಕೆ ಸುತ್ತಿದ್ದ ಬಟ್ಟೆಯ ಪಟ್ಟಿ ಬಣ್ಣಗೆಟ್ಟು ಗೋಣಿಯ ಹಾಗಾಗಿತ್ತು. ಅದರ ಮೇಲೆ ಸುರಿದಿದ್ದ ಅರಗು ಮಾತ್ರ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಅರಗಿನ ನಡುವೆ ದುಂಡಗಿನ ಮುದ್ರೆ. ಇಷ್ಟು ವರ್ಷ ಇಟ್ಟಿಗೆ ಗೋಡೆಯ ಹಿಂದೆ ಗಾಳಿ ಬೆಳಕು ಕಾಣದೆ ಇದ್ದುದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಮೊನ್ನೆ ಈ ಹಳೆಯ ಸುಂಕದ ಮನೆಯ ಗೋಡೆ ಒಡೆದಾಗ ಅದರ ಹಿಂದೆ ಬಾಗಿಲು, ಬಾಗಿಲ ಹಿಂದೆ ಎಲುಬುಗಳು, ಎಲುಬುಗಳ ನಡುವೆ ಸುಂಕದ ಗಾರ್ಡೊಬ್ಬನ ಹಿತ್ತಾಳೆ ಬಿಲ್ಲೆ ಸಿಕ್ಕಿದ್ದವು. ಪೊಲೀಸರು ಬಾಗಿಲನ್ನು ತುಕ್ಕು ತಿಂದಿದ್ದ ಕೀಲಿನ ಕಡೆಯಿಂದ ಕಿತ್ತು ಒಳಗೆ ಹೋಗಿದ್ದರು. ಎಲುಬು ತುಂಬಿಕೊಂಡು, ಫೋಟೋ ಹೊಡೆದುಕೊಂಡು ಹೊರಟುಹೋಗಿದ್ದರು. ಬೀಗದ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಸುಂಕದ ಮನೆಯ ಬೀಗಕ್ಕೆ ಮುದ್ರೆ ಇರುವುದು ಅವರಿಗೆ ಅಂಗಡಿಯಲ್ಲಿ ತಕ್ಕಡಿ ಇರುವಷ್ಟೇ ಸಹಜವಾಗಿ ಕಂಡಿತ್ತು.

"ಏನು ಸಿಕ್ತು?" ಎಂದು ಹಿಂದಿನಿಂದ ಕೇಳಿದವಳು ಟೈಲರಮ್ಮ. ಪೇಟೆಯ ಮೂಲೆಯಲ್ಲಿ ನಾಲ್ಕು ಹೊಲಿಗೆ ಯಂತ್ರದ ಅಂಗಡಿ ಇಟ್ಟಿರುವ ಹೆಂಗಸು. ಅವಳ ಕತ್ತರಿಗಿಂತ ನಾಲಿಗೆ ಹರಿತ ಎಂದು ಗಿರಾಕಿಗಳೇ ಹೇಳುತ್ತಿದ್ದರು. ಆ ಹಿತ್ತಾಳೆ ಬಿಲ್ಲೆ ಅವಳ ಅಪ್ಪನದು. ಈ ಪ್ರಕರಣವನ್ನು ಪತ್ತೇದಾರಿಣಿಗೆ ಒಪ್ಪಿಸಿದವಳೂ ಅವಳೇ.

ಪತ್ತೇದಾರಿಣಿಯ ಹೆಬ್ಬೆರಳು ಮುದ್ರೆಯ ಅಂಚಿನ ಮೇಲೆ ನಿಧಾನವಾಗಿ ಸುತ್ತುತ್ತಿತ್ತು.

ಈ ಇಬ್ಬರು ಹೆಂಗಸರ ನಂಟು ವಿಚಿತ್ರವಾದದ್ದು. ನಲವತ್ತು ವರ್ಷದ ಹಿಂದೆ ಒಂದು ಸಂಜೆ ಈ ಕಟ್ಟಡದ ಗಾರ್ಡ್ ಕಾಣೆಯಾದ. ಅದೇ ಸಂಜೆ ಇಲ್ಲಿಯ ಸೂಪರಿಂಟೆಂಡೆಂಟರ ತಂಗಿ, ಗಂಡ ಸತ್ತು ಅಣ್ಣನ ಮನೆ ಸೇರಿದ್ದವಳು, ಅವಳೂ ಕಾಣೆಯಾದಳು. ಊರಿಗೆ ಇಷ್ಟು ಸಾಕಲ್ಲ. ಒಂದಕ್ಕೊಂದು ಕೂಡಿಸಿ, ಓಡಿಹೋದರು ಎಂದು ತೀರ್ಮಾನ ಕೊಟ್ಟು ಕೈ ತೊಳೆದುಕೊಂಡಿತು.

ಗಾರ್ಡಿನ ಮಗಳೂ ಆ ತಂಗಿಯ ಮಗಳೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು ಓದಿದರು. ಮಾತು ಮಾತ್ರ ಆಡಲಿಲ್ಲ. ನಿನ್ನಮ್ಮ ನನ್ನಪ್ಪನನ್ನು ಹಾರಿಸಿಕೊಂಡು ಹೋದಳು ಎಂದು ಒಬ್ಬಳ ಕಣ್ಣು ಹೇಳುತ್ತಿತ್ತು, ನಿನ್ನಪ್ಪ ನನ್ನಮ್ಮನ ತಲೆ ಕೆಡಿಸಿದ ಎಂದು ಇನ್ನೊಬ್ಬಳ ಕಣ್ಣು ತಿರುಗಿಸಿ ಕೊಡುತ್ತಿತ್ತು. ಮೊದಲನೆಯವಳು ಟೈಲರಮ್ಮ ಆದಳು. ಎರಡನೆಯವಳನ್ನು ಸೋದರಮಾವ, ಅಂದರೆ ಆ ಸೂಪರಿಂಟೆಂಡೆಂಟನೇ, ಸಾಕಿ ಓದಿಸಿದ, ಅವಳು ಪತ್ತೇದಾರಿಣಿ ಆದಳು. ಮೊನ್ನೆಯವರೆಗೂ ಇಬ್ಬರೂ ರಸ್ತೆಯಲ್ಲಿ ಎದುರಾದರೆ ಒಬ್ಬರು ಆ ಬದಿ, ಒಬ್ಬರು ಈ ಬದಿ.

ಎಲುಬು ಸಿಕ್ಕ ದಿನ ಸಂಜೆಯೇ ಟೈಲರಮ್ಮ ಇವಳ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಪತ್ತೇದಾರರು ಬೇಕಾದಷ್ಟು ಜನ ಇದ್ದಾರೆ, ಆದರೆ ಆಗಿನ ಸೂಪರಿಂಟೆಂಡೆಂಟರ ಮನೆಗೆ ಕೇಳದೆ ನುಗ್ಗಬಲ್ಲವರು ನೀವೊಬ್ಬರೇ ಎಂದಿದ್ದಳು. ಒಂದೇ ಷರತ್ತು ಹಾಕಿದ್ದಳು: ಏನು ಸಿಕ್ಕರೂ ನನ್ನಿಂದ ಮುಚ್ಚಿಡಬಾರದು. ಇವಳು ಆಗಲಿ ಎಂದಿದ್ದಳು.

ಆಗಲಿ ಎನ್ನುವಾಗ ಅವಳ ತಲೆಯಲ್ಲಿ ಇದ್ದದ್ದು ಬೇರೆಯೇ ಪ್ರಶ್ನೆ. ಗಾರ್ಡ್ ಇಷ್ಟು ವರ್ಷವೂ ಇಲ್ಲೇ ಇದ್ದ ಎಂದರೆ, ಅಮ್ಮ ಅವನ ಜೊತೆ ಓಡಿಹೋಗಲಿಲ್ಲ. ಹಾಗಾದರೆ ಅಮ್ಮ ಎಲ್ಲಿ ಹೋದಳು?

ಪರಂಗಿಯವರು ಈ ಸುಂಕದ ಮನೆಯನ್ನು ಕಟ್ಟಿಸಿದಾಗ ಸಮುದ್ರ ಇದರ ಮೆಟ್ಟಿಲಿಗೇ ಬಂದು ಬಡಿಯುತ್ತಿತ್ತಂತೆ. ಕೆಳಗಡೆ ಸಾಲಾಗಿ ಕಿಟಕಿಯಿಲ್ಲದ ಕಲ್ಲಿನ ಕೋಣೆಗಳು, ಸುಂಕ ಕಟ್ಟದ ಸರಕನ್ನು ಕೂಡಿಹಾಕುವುದಕ್ಕೆ. ಮೇಲ್ಗಡೆ ಉದ್ದನೆಯ ಹಜಾರ, ಅಲ್ಲಿ ಬಿಳಿಯ ಸಾಹೇಬ ದುರ್ಬೀನು ಹಿಡಿದು ಕೂತು ಬರುವ ಹಡಗನ್ನೆಲ್ಲ ದೂರದಿಂದಲೇ ಮೂಸುತ್ತಿದ್ದ. ಕಳ್ಳಸಾಗಣೆಯನ್ನು ತಡೆಯಲು ಕಟ್ಟಿದ ಮನೆ ಎಂದು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿಸಿದ್ದರು. ಯಾರ ಮನೆಗೆ ಯಾರು ನುಗ್ಗಿ ಸುಂಕ ಕೇಳುತ್ತಿದ್ದಾರೆ ಎಂಬುದನ್ನು ಕೆತ್ತಿಸಲು ಕಲ್ಲಿನಲ್ಲಿ ಜಾಗ ಸಾಲಲಿಲ್ಲವೋ ಏನೋ.

ಅವರು ಹೋದರು. ಕುರ್ಚಿ, ಮೇಜು, ಗಂಟೆ, ಗದರುವ ದನಿ ಎಲ್ಲ ಹಾಗೇ ಉಳಿದವು. ಅಧಿಕಾರಿಗಳ ಹಿತ್ತಾಳೆ ಮುದ್ರೆಗಳ ಮೇಲೆ ಕಿರೀಟದ ಗುರುತಿತ್ತು. ಹೊಸ ಮುದ್ರೆ ಮಾಡಿಸುವ ಗೋಜಿಗೆ ಯಾರು ಹೋಗುತ್ತಾರೆ? ಅರ ಹಾಕಿ ಕಿರೀಟವನ್ನು ಉಜ್ಜಿ, ಕೆಳಗಿನ ಅಂಕಿಯನ್ನು ಮಾತ್ರ ಉಳಿಸಿಕೊಂಡು, ಅದರಲ್ಲೇ ಕೆಲಸ ಸಾಗಿಸಿದರು. ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಅಂಕಿ.

ಇನ್ನೊಂದು ಪದ್ಧತಿಯೂ ಹಾಗೇ ಉಳಿಯಿತು. ಯಾವುದೋ ಕಾಲದಲ್ಲಿ, ಮೂಟೆ ಹೊರುವವನೊಬ್ಬ ಕೋಣೆಯಲ್ಲಿ ನಿದ್ದೆ ಹೋಗಿದ್ದಾಗ ಹೊರಗಿನಿಂದ ಬೀಗ ಬಿದ್ದು, ಅವನು ಒಳಗೇ ತೀರಿಹೋದನಂತೆ. ಅಂದಿನಿಂದ, ಮುದ್ರೆ ಒತ್ತುವ ಅಧಿಕಾರಿ ಮೊದಲು ಬಾಗಿಲು ಬಡಿದು, "ಒಳಗೆ ಯಾರಿದ್ದೀರಿ?" ಎಂದು ಗಟ್ಟಿಯಾಗಿ ಕೂಗಿ, ಕಿವಿಗೊಟ್ಟು ನಿಂತು, ಆಮೇಲೆ ಅರಗು ಕಾಯಿಸಬೇಕು ಎಂದಾಯಿತು. ಮಾವನಿಗೆ ಅದು ಎಷ್ಟು ಮೈಗೂಡಿತ್ತೆಂದರೆ, ಎಲ್ಲರೂ ಪೆಟ್ಟಿಗೆ ಹಿಡಿದು ಗೇಟಿನ ಹೊರಗೆ ನಿಂತಿದ್ದರೂ ಖಾಲಿ ಮನೆಯ ಬಾಗಿಲು ಬಡಿದು ಒಮ್ಮೆ ಕೂಗದೆ ಬೀಗ ಹಾಕುತ್ತಿರಲಿಲ್ಲ. ಅತ್ತೆ ಗೇಟಿನಿಂದಲೇ, "ಇಲಿಗಳಿವೆ, ಅವನ್ನೂ ಕರ್ಕೊಂಡು ಬನ್ನಿ," ಎಂದು ರೇಗಿಸುತ್ತಿದ್ದಳು.

ಆ ಮಾವನ ಮುದ್ರೆ ಪತ್ತೇದಾರಿಣಿಗೆ ಬಾಲ್ಯದ ಆಟದ ಸಾಮಾನು. ಸೋಪಿನ ತುಂಡಿನ ಮೇಲೆ, ಒದ್ದೆ ಮಣ್ಣಿನ ಮೇಲೆ, ಒಮ್ಮೆ ಅತ್ತೆ ಕಲಸಿಟ್ಟ ಹಿಟ್ಟಿನ ಮೇಲೂ ಒತ್ತಿ ಬೈಸಿಕೊಂಡಿದ್ದಳು. ಒಂದು ಸಲ ಅದು ಕೈಜಾರಿ ಕಲ್ಲುಮೆಟ್ಟಿಲ ಮೇಲೆ ಬಿದ್ದು ಅಂಚಿನಲ್ಲಿ ಕಚ್ಚಾಗಿತ್ತು. ಮಾವ ಬೈದಿರಲಿಲ್ಲ. ಇನ್ನು ಮೇಲೆ ನನ್ನ ಮುದ್ರೆಯನ್ನು ಯಾರೂ ನಕಲು ಮಾಡೋಕೆ ಆಗಲ್ಲ ಬಿಡು ಎಂದು ನಕ್ಕಿದ್ದ.

ಈಗ ಹೆಬ್ಬೆರಳಿನ ಕೆಳಗೆ ಅದೇ ಕಚ್ಚು ಸಿಕ್ಕಿತು.

ಟಾರ್ಚನ್ನು ಹತ್ತಿರ ಹಿಡಿದು ನೋಡಿದಳು. ಇನ್ನೊಂದು ಸಂಗತಿ ಕಂಡಿತು. ಅರಗು ಒಂದು ಪದರ ಇರಲಿಲ್ಲ. ಕೆಳಗೆ ಕೆಂಪು ಅರಗು, ಅದರ ಮೇಲೆ ಕಪ್ಪುಗಂದು ಬಣ್ಣದ ಬೇರೆ ಅರಗು. ಎರಡಕ್ಕೂ ಒಂದೇ ಮುದ್ರೆ ಬಿದ್ದಿತ್ತು. ಕೆಳಗಿನದರ ಅಂಚು ಮೇಲಿನದರ ಬದಿಯಲ್ಲಿ ಇಣುಕುತ್ತಿತ್ತು. ಬಟ್ಟೆಯ ಪಟ್ಟಿಯನ್ನು ಒಂದು ಕಡೆ ಕತ್ತರಿಸಿ, ಮತ್ತೆ ಸುತ್ತಿ, ಆ ಗಾಯ ಕಾಣದ ಹಾಗೆ ಹೊಸ ಅರಗು ಸುರಿದಿದ್ದರು.

ಅಂದರೆ ಮುದ್ರೆ ಬಿದ್ದ ಮೇಲೆ ಈ ಬೀಗವನ್ನು ಒಮ್ಮೆ ತೆಗೆದಿದ್ದಾರೆ. ತೆಗೆದು ಮತ್ತೆ ಹಾಕಿದ್ದಾರೆ. ಹಾಗೆ ಹಾಕಿದವರು ಸುಂಕದ ಮನೆಯವರಲ್ಲ. ಇಲ್ಲಿ ಕೆಲಸ ಮಾಡಿದ ಯಾರೇ ಆಗಲಿ, ಹಳೆಯ ಅರಗನ್ನು ಪೂರ್ತಿ ಕೆರೆದು ತೆಗೆಯದೆ ಅದರ ಮೇಲೆ ಹೊಸ ಅರಗು ಸುರಿಯುವುದಿಲ್ಲ. ಮಾವನಂತೂ ಕನಸಿನಲ್ಲೂ ಹಾಗೆ ಮಾಡುವವನಲ್ಲ.

"ಏನು ಸಿಕ್ತು ಅಂತ ಕೇಳಿದೆ," ಎಂದಳು ಟೈಲರಮ್ಮ ಮತ್ತೆ.

ಏನೂ ಇಲ್ಲ ಎಂದು ಹೇಳುವುದು ಸುಲಭವಿತ್ತು. ಅಪ್ಪನ ಮುಖವನ್ನೇ ಕಾಣದ ಇವಳಿಗೆ, ಅಮ್ಮ ಬಿಟ್ಟುಹೋದ ಇವಳಿಗೆ, ಮಾವನೇ ಎಲ್ಲ ಆಗಿದ್ದ. ಶಾಲೆಗೆ ಕಳಿಸುವಾಗ ಜಡೆ ಹಾಕುವುದನ್ನೂ ಕಲಿತಿದ್ದ. ಆ ಮನುಷ್ಯನನ್ನು ಪೊಲೀಸ್ ಜೀಪಿನಲ್ಲಿ ಊಹಿಸಿಕೊಂಡಳು.

"ಇದು ನನ್ನ ಮಾವನ ಮುದ್ರೆ," ಎಂದಳು.

ಟೈಲರಮ್ಮ ಅವಳನ್ನೇ ನೋಡಿದಳು. ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡರೆ ಅದೇನೂ ಆಗಲಿಲ್ಲ. "ನೀವು ಹೇಳಲ್ಲ ಅಂತ ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ, ಚೀಲವನ್ನು ಭುಜಕ್ಕೇರಿಸಿ ಅವಳ ಜೊತೆಗೇ ಹೊರಟಳು.

ಮಾವನ ಮನೆ ಗುಡ್ಡದ ಮೇಲಿನ ಬೀದಿಯಲ್ಲಿತ್ತು. ಮೇಲೆ ಹೋಗಲು ಕಲ್ಲುಮೆಟ್ಟಿಲು. ಪತ್ತೇದಾರಿಣಿ ಮುಂದೆ, ಟೈಲರಮ್ಮ ಹಿಂದೆ. ಮಧ್ಯಾಹ್ನದ ಬಿಸಿಲಿಗೆ ಕೆಳಗೆ ಸುಂಕದ ಮನೆಯ ಹೆಂಚು ಮಿನುಗುತ್ತಿತ್ತು. ಸಮುದ್ರ ಈಗ ಅದರಿಂದ ದೂರ ಸರಿದು, ಬಂದರು ಬೇರೆ ಕಡೆ ಎದ್ದು, ಅಷ್ಟು ದೊಡ್ಡ ಕಟ್ಟಡ ಪಾರಿವಾಳಗಳ ಪಾಲಾಗಿತ್ತು. ಮ್ಯೂಸಿಯಂ ಮಾಡುತ್ತೇವೆಂದು ಯಾರೋ ಹೊರಡದೆ ಇದ್ದಿದ್ದರೆ ಆ ಗೋಡೆ ಒಡೆಯುತ್ತಲೂ ಇರಲಿಲ್ಲ.

ಮಾವ ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಕಣ್ಣಿಗೆ ಪೊರೆ ಬಂದು, ಜನರನ್ನು ಹೆಜ್ಜೆ ಸಪ್ಪಳದಲ್ಲೇ ಗುರುತಿಸುತ್ತಿದ್ದ. "ಪುಟ್ಟಿ ಬಂದಳು," ಎಂದ. ಜೊತೆಗೆ ಇನ್ನೊಬ್ಬರ ಹೆಜ್ಜೆಯಿದೆಯಲ್ಲ ಎಂದು ಕಿವಿಯನ್ನು ಆ ಕಡೆ ತಿರುಗಿಸಿದ.

ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಟೈಲರಮ್ಮನನ್ನು ಕಂಡು ಏಳಲು ಹೋಗಿ ಮತ್ತೆ ಕೂತಳು. ನೀನಿಲ್ಲಿಗೆ ಯಾಕೆ ಬಂದೆ, ನಾನೇ ಅಂಗಡಿಗೆ ಬರ್ತಿದ್ದೆನಲ್ಲ ಎಂದು ತಡವರಿಸಿದಳು. ಅತ್ತೆ ತಡವರಿಸಿದ್ದನ್ನು ಪತ್ತೇದಾರಿಣಿ ಎಂದೂ ಕಂಡಿರಲಿಲ್ಲ.

ಅವಳು ಕಾಲುಮಣೆ ಎಳೆದುಕೊಂಡು ಮಾವನ ಎದುರು ಕೂತಳು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಒಂದೂ ನೆನಪಿಗೆ ಬರಲಿಲ್ಲ.

"ಮಾವ, ಆ ಬಾಗಿಲ ಮೇಲೆ ನಿನ್ನ ಮುದ್ರೆ ಇದೆ."

"ಇರುತ್ತೆ. ಅಲ್ಲಿ ಅರ್ಧಕ್ಕರ್ಧ ಬಾಗಿಲಿಗೆ ನಾನೇ ಮುದ್ರೆ ಹಾಕಿದ್ದು."

ಕಚೇರಿ ಹೊಸ ಬಂದರಿಗೆ ಹೋಗುವ ಕಾಲ, ಒಂದೊಂದೇ ಕೋಣೆ ಮುಚ್ಚುತ್ತಿದ್ದೆವು, ಗೋಡೆ ಕಟ್ಟಿಸಿದ್ದೂ ಆ ಲೆಕ್ಕದಲ್ಲೇ ಎಂದು ಅವನು ಶಾಂತವಾಗಿ ವಿವರಿಸಿದ. ಗಾರ್ಡ್ ಅದರೊಳಗೆ ಹೇಗೆ ಸೇರಿಕೊಂಡನೋ ದೇವರಿಗೇ ಗೊತ್ತು ಎಂದ. ಹೇಳುವಾಗ ಧ್ವನಿ ಎಲ್ಲೂ ಅಲುಗಲಿಲ್ಲ. ಅಷ್ಟು ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ನಯವಾಗಿದ್ದ ಉತ್ತರ ಅದು.

ವಾದ ಮಾಡಿದರೆ ಈ ಮನುಷ್ಯ ಜಗ್ಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಂಕದ ಮನೆಯಲ್ಲಿ ಎಂತೆಂಥ ಸುಳ್ಳುಗಾರರನ್ನೋ ಅರೆದು ಕುಡಿದವನು. ಅವನು ಸುಳ್ಳು ಹೇಳಲಾರದ ಜಾಗ ಒಂದೇ ಒಂದಿತ್ತು.

"ಮುದ್ರೆ ಒತ್ತೋಕೆ ಮುಂಚೆ ಕರೆದಿದ್ದೆಯಾ?"

ಮಾವ ಕೈ ಚಾಚಿ, ತಡಕಾಡಿ, ರೇಡಿಯೋ ಆರಿಸಿದ.

"ಕರೆದೆ."

"ಉತ್ತರ ಬಂತಾ?"

"ಬಂತು," ಎಂದ. "ಇಬ್ಬರದ್ದೂ ಬಂತು."

ಟೈಲರಮ್ಮ ನಿಂತಲ್ಲೇ ಜಗಲಿಯ ಕಂಬವನ್ನು ಹಿಡಿದುಕೊಂಡಳು.

ಆಮೇಲೆ ಅವನು ಹೇಳಿದ್ದು ತುಂಡು ತುಂಡಾಗಿ. ಆ ಸಂಜೆ ಯಾರೋ ಬಂದು, ನಿಮ್ಮ ತಂಗಿ ಗಾರ್ಡಿನ ಜೊತೆ ಕೆಳಗಿನ ಕೋಣೆಯಲ್ಲಿದ್ದಾಳೆ ಎಂದು ಕಿವಿಯಲ್ಲಿ ಊದಿದ್ದರು. ಇಳಿದು ಹೋದ. ಬಾಗಿಲು ಓರೆಯಾಗಿತ್ತು, ಒಳಗೆ ಪಿಸುಮಾತು. ತಲೆ ಕೆಟ್ಟುಹೋಯಿತು, ಎಳೆದು ಬೀಗ ಜಡಿದ. ಜಡಿದ ಕೂಡಲೇ ಕೈ ಅಭ್ಯಾಸದಂತೆ ಬಾಗಿಲು ಬಡಿಯಿತು, ಬಾಯಿ ಅಭ್ಯಾಸದಂತೆ ಕೂಗಿತು. ಸಾಹೇಬ್ರೇ ಬಾಗಿಲು ತೆಗೀರಿ, ಎಲ್ಲ ಹೇಳ್ತೀನಿ ಎಂದ ಗಾರ್ಡ್. ಅವನ ಹಿಂದೆಯೇ ತಂಗಿಯ ದನಿ, ಅಣ್ಣಾ ಎಂದು.

"ಅರಗು, ಮೇಣದಬತ್ತಿ ಅಲ್ಲೇ ಗೂಡಿನಲ್ಲಿರ್ತಿತ್ತು. ಯೋಚನೆ ಮಾಡಿ ಮಾಡಿದ್ದಲ್ಲ ಪುಟ್ಟಿ. ಬೀಗ ಹಾಕಿದ ಮೇಲೆ ಮುದ್ರೆ ಒತ್ತದೆ ಬರೋದು ನನ್ನ ಕೈಗೆ ಗೊತ್ತೇ ಇರಲಿಲ್ಲ."

ಒಂದು ರಾತ್ರಿ ಹೆದರಿ ಕೂತಿರಲಿ, ಬೆಳಿಗ್ಗೆ ತೆಗೆದು ಬುದ್ಧಿ ಹೇಳೋಣ ಎಂದುಕೊಂಡಿದ್ದನಂತೆ. ಬೆಳಿಗ್ಗೆ ಹೋಗಿ ಬಡಿದ, ಕೂಗಿದ. ಉತ್ತರ ಬರಲಿಲ್ಲ. ಕಿಟಕಿಯಿಲ್ಲದ ಕೋಣೆ, ಒಳಗೆ ಸಾರಾಯಿ ಪೀಪಾಯಿಗಳ ಘಾಟು. ಉಸಿರುಕಟ್ಟಿ ಇಬ್ಬರೂ ಸತ್ತರು ಎಂದುಕೊಂಡ. ತೆಗೆದು ನೋಡುವ ಧೈರ್ಯ ಬರಲಿಲ್ಲ. ಬೀಗದ ಮುದ್ರೆಯ ಕಡೆ ಕಣ್ಣೆತ್ತಿಯೂ ನೋಡದೆ ಗೋಡೆ ಕಟ್ಟಿಸಿದ.

ಪತ್ತೇದಾರಿಣಿಗೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಎದುರಿಗಿದ್ದ ಆ ಮುದುಕನನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಅವನು ಹಾಕಿದ ಜಡೆ, ಕಟ್ಟಿಕೊಟ್ಟ ಬುತ್ತಿ, ಜ್ವರ ಬಂದಾಗ ತಲೆದಿಂಬಿನ ಬಳಿ ಕೂತದ್ದು, ಅದೆಲ್ಲ ಪ್ರೀತಿಯೋ ಪ್ರಾಯಶ್ಚಿತ್ತವೋ ಇನ್ನು ಯಾರು ಹೇಳಬೇಕು? ಅಮ್ಮನನ್ನು ಕೊಂದವನ ತೊಡೆಯ ಮೇಲೆ ಕೂತು ಅಕ್ಷರ ಕಲಿತೆನಲ್ಲ ಎಂದುಕೊಂಡಳು.

ಮಾವ ಗಾಳಿಯಲ್ಲಿ ಅವಳ ಕೈಗಾಗಿ ತಡಕಾಡಿದ. ಅವಳು ಕೊಡಲಿಲ್ಲ.

"ಒಂದು ಉಪಕಾರ ಮಾಡು," ಎಂದ. "ಪೊಲೀಸರು ಇಬ್ಬರ ಎಲುಬನ್ನೂ ಒಟ್ಟಿಗೇ ತುಂಬಿರ್ತಾರೆ. ನನ್ನ ತಂಗಿಯದನ್ನ ಬೇರೆ ಮಾಡಿಸಿ ಕೊಡಿಸು. ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು."

"ಇಬ್ಬರದ್ದಾ?" ಎಂದಳು ಅವಳು. "ಮಾವ, ಅಲ್ಲಿ ಸಿಕ್ಕಿದ್ದು ಒಬ್ಬರೇ. ಗಂಡಸಿನದು. ನಿನ್ನೆ ಪೇಪರಲ್ಲೇ ಬಂದಿತ್ತಲ್ಲ."

"ಒಬ್ಬರೇ ಹೇಗಾಗುತ್ತೆ? ಸರಿಯಾಗಿ ನೋಡಿದ್ರಾ? ನನಗೆಲ್ಲಿ ಪೇಪರು ಕಾಣುತ್ತೆ, ಇವಳೇ ಓದಿ ಹೇಳೋದು. ಎಲುಬು ಸಿಕ್ಕಿವೆ ಅಂದಳು..."

ಅವನು ಕುರುಡು ಮುಖವನ್ನು ನಿಧಾನವಾಗಿ ಬಾಗಿಲ ಕಡೆ ತಿರುಗಿಸಿದ. ಪತ್ತೇದಾರಿಣಿಯೂ ತಿರುಗಿದಳು.

ಅತ್ತೆಯ ಮಡಿಲಲ್ಲಿ ಬಟಾಣಿ ಹಾಗೇ ಇತ್ತು. ಬೀಗದ ಮೇಲೆ ಎರಡು ಬಗೆಯ ಅರಗು ಇದೆ, ಎರಡನೆಯದನ್ನು ಹಾಕಿದವರಿಗೆ ಹಳೆಯದನ್ನು ಕೆರೆಯಬೇಕೆಂಬ ಪದ್ಧತಿ ಗೊತ್ತಿರಲಿಲ್ಲ ಎಂದು ಪತ್ತೇದಾರಿಣಿ ಹೇಳಿದಳು. ಯಾರನ್ನೂ ಹೆಸರಿಸಲಿಲ್ಲ. ಹೆಸರಿಸುವ ಅಗತ್ಯ ಬೀಳಲಿಲ್ಲ.

"ಕೆರೀಬೇಕು ಅಂತ ನನಗೆ ಯಾರು ಹೇಳಿಕೊಟ್ಟಿದ್ರು?" ಎಂದಳು ಅತ್ತೆ.

ಮಾವ ಕುರ್ಚಿಯ ಅಂಚು ಹಿಡಿದು ಮುಂದಕ್ಕೆ ಬಾಗಿದ.

ಆ ರಾತ್ರಿ ಗಂಡ ಊಟ ಮುಟ್ಟಲಿಲ್ಲ, ನಾದಿನಿ ಮನೆಗೆ ಬರಲಿಲ್ಲ, ಗಂಡನ ಬೆರಳ ತುದಿಯಲ್ಲಿ ಅರಗು ಅಂಟಿತ್ತು. ಇಷ್ಟರಲ್ಲೇ ಅತ್ತೆಗೆ ಅರ್ಥವಾಗಿತ್ತು. ಬೆಳಕು ಹರಿಯುವ ಮುಂಚೆ ಬೀಗದ ಕೈಗೊಂಚಲು, ಮುದ್ರೆ, ಮನೆಯಲ್ಲಿ ಪಾರ್ಸೆಲ್ಲಿಗೆಂದು ಇಟ್ಟಿದ್ದ ಅರಗು ತೆಗೆದುಕೊಂಡು ಹೋಗಿದ್ದಳು. ನಾದಿನಿಯನ್ನು ಹೊರಗೆ ಕರೆದುಕೊಂಡು ಬಂದಳು. ಅವಳು ಅಣ್ಣನ ಮುಖ ಇನ್ನು ನೋಡಲ್ಲ ಅಂದಳು, ಬಸ್ಸು ಹತ್ತಿಸಿದೆ, ಆಮೇಲೆ ಎಲ್ಲಿಗೆ ಹೋದಳೋ ನನಗೆ ಗೊತ್ತಿಲ್ಲ ಎಂದು ಮುಗಿಸಿದಳು.

"ಸುಳ್ಳು," ಎಂದಳು ಟೈಲರಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಪತ್ತೇದಾರಿಣಿಯನ್ನು ಮಾತ್ರ ನೋಡುತ್ತಿದ್ದಳು.

"ನಾನು ಅಂಗಡಿ ಇಟ್ಟಾಗಿನಿಂದ ಇವರು ನನ್ನ ಗಿರಾಕಿ. ವರ್ಷಕ್ಕೊಂದು ಸಲ ಬೇರೆ ಯಾರದೋ ಅಳತೆಗೆ ಎರಡು ರವಿಕೆ ಹೊಲಿಸ್ತಾರೆ. ದೂರದ ನೆಂಟರು ಅಂತಾರೆ. ಬಲಭುಜಕ್ಕಿಂತ ಎಡಭುಜ ತಗ್ಗು, ಆ ಕಡೆ ಒಳಗೊಂದು ಪದರ ಕೊಟ್ಟು ಹೊಲೀಬೇಕು. ಅಂಥ ಭುಜ ನಾನು ಇನ್ನೊಂದು ನೋಡಿರಲಿಲ್ಲ. ಇವತ್ತು ಮೆಟ್ಟಿಲು ಹತ್ತುವಾಗ ನಿಮ್ಮ ಬೆನ್ನು ನೋ‌ಡ್ತಾ ಬಂದೆ. ನಿಮ್ಮದೂ ಹಾಗೇ ಇದೆ."

ಪತ್ತೇದಾರಿಣಿಯ ಬಲಗೈ ತನಗರಿವಿಲ್ಲದೆ ಎಡಭುಜಕ್ಕೆ ಹೋಯಿತು.

"ಹೋದ ತಿಂಗಳೂ ಹೊಲಿದುಕೊಟ್ಟೆ," ಎಂದಳು ಟೈಲರಮ್ಮ. "ಸುತ್ತಳತೆ ಕಮ್ಮಿ ಮಾಡಿಸಿದ್ರು. ಇಳಿದುಹೋಗಿದ್ದಾರೆ ಅಂದ್ರು."

ಅಮ್ಮ ಇದ್ದಾಳೆ. ಹೋದ ತಿಂಗಳು ಹೊಸ ರವಿಕೆ ಹಾಕಿಕೊಂಡಿದ್ದಾಳೆ. ಪತ್ತೇದಾರಿಣಿಗೆ ಮೊದಲು ಬಂದದ್ದು ಸಂತೋಷವೇ. ಅದರ ಬೆನ್ನಿಗೇ ಇಷ್ಟು ಹತ್ತಿರ ಇದ್ದೂ ಒಮ್ಮೆಯೂ ಬರಲಿಲ್ಲವಲ್ಲ ಎಂಬ ನೋವು ಬಂದು ಆ ಸಂತೋಷವನ್ನು ಒತ್ತರಿಸಿ ಕೂತಿತು. ಎಲ್ಲಿದ್ದಾಳೆ ಎಂದು ಕೇಳಿದಳು. ಹೊಳೆಯಾಚೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸ, ಅಲ್ಲೇ ಒಂದು ಕೋಣೆ ಎಂದು ಅತ್ತೆ ಒಪ್ಪಿಕೊಂಡಳು. ಇಷ್ಟು ವರ್ಷದಲ್ಲಿ ಅಮ್ಮ ಬೇಡಿಕೊಂಡದ್ದು ಒಂದೇ, ಪುಟ್ಟಿಗೆ ಮಾತ್ರ ಹೇಳಬೇಡಿ ಎಂದು.

ಕುರ್ಚಿಯಲ್ಲಿ ಮಾವ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದ. ಅವನ ಹತ್ತಿರ ಯಾರೂ ಹೋಗಲಿಲ್ಲ.

ಟೈಲರಮ್ಮ ಕಂಬ ಬಿಟ್ಟು ಅತ್ತೆಯ ಎದುರಿಗೆ ಬಂದು ನಿಂತಳು. "ಅವರನ್ನ ಕರ್ಕೊಂಡು ಬಂದ್ರಿ. ನನ್ನ ಅಪ್ಪನ್ನ ಯಾಕೆ ಅಲ್ಲೇ ಬಿಟ್ರಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಬಾಗಿಲು ತೆಗೆಯೋ ಹೊತ್ತಿಗೆ ಅವರಿಗೆ ಜೀವ ಇರಲಿಲ್ಲ."

"ಉಸಿರು ಕಟ್ಟಿ?"

ಅತ್ತೆ ಪತ್ತೇದಾರಿಣಿಯ ಕಡೆ ನೋಡಿದಳು. ಕೇಳಬೇಡ ಎನ್ನುವ ನೋಟ ಅದು. ಆದರೆ ಅವಳು ಆಗಲೇ ಲೆಕ್ಕ ಹಾಕಿಯಾಗಿತ್ತು. ಒಂದೇ ಕೋಣೆ, ಒಂದೇ ಗಾಳಿ. ಅಮ್ಮನಿಗೆ ಏನೂ ಆಗಿರಲಿಲ್ಲ.

"ಹೇಳು ಅತ್ತೆ," ಎಂದಳು. ಸಿಕ್ಕಿದ್ದನ್ನು ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟವಳು ತಾನೇ.

"ತಲೆಯ ಹಿಂದೆ ಏಟು ಬಿದ್ದಿತ್ತು. ನೆಲವೆಲ್ಲ ರಕ್ತ. ಅವಳು ಗೋಡೆಗೆ ಒರಗಿ ಕೂತಿದ್ದಳು, ಪೀಪಾಯಿ ಅಳೆಯೋ ಕಬ್ಬಿಣದ ಸರಳು ಅವಳ ಮಡಿಲಲ್ಲಿತ್ತು. ಏನಾಯ್ತು ಅಂತ ಕೇಳಿದೆ. ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ."

ಎಷ್ಟೋ ವರ್ಷದಿಂದ ಯಾರ ರವಿಕೆಗೆ ಭುಜ ಸರಿಮಾಡಿ ಹೊಲಿಯುತ್ತಾ ಬಂದೆ ಎಂಬುದು ಟೈಲರಮ್ಮನಿಗೆ ಆಗ ಅರ್ಥವಾಗಿರಬೇಕು. ತನ್ನ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡಳು. ಆಮೇಲೆ ಪತ್ತೇದಾರಿಣಿಯ ಕಡೆ ತಿರುಗಿದಳು. ಈವರೆಗೆ ಒಮ್ಮೆಯೂ ತಪ್ಪದೆ ಬಹುವಚನ ಹಚ್ಚಿದ್ದವಳು ಈಗ ಶಾಲೆಯ ಹುಡುಗಿಯ ಹಾಗೆ ಮಾತಾಡಿದಳು.

"ಬೀಗ ಹಾಕುವಾಗ ನನ್ನ ಅಪ್ಪ ಮಾತಾಡಿದ. ಬೀಗ ತೆಗೆಯುವಾಗ ಸತ್ತಿದ್ದ. ನಡುವೆ ಅಲ್ಲಿದ್ದವಳು ನಿನ್ನ ಅಮ್ಮ ಒಬ್ಬಳೇ. ಈಗಲೂ ನನ್ನ ಕೇಸು ನೀನೇ ನಡೆಸ್ತೀಯಾ?"

ಬಿಟ್ಟುಬಿಡು ಎಂದು ಒಳಗಿನಿಂದ ಏನೋ ಗೋಗರೆಯಿತು. ಹೊಳೆ ದಾಟಿ ಹೋಗು, ಅಮ್ಮನ ಕಾಲ ಬಳಿ ಕೂರು, ಏನನ್ನೂ ಕೇಳಬೇಡ. ಕಾಣದ ತಾಯಿಗಾಗಿ ಅಷ್ಟೂ ವರ್ಷ ಹಾತೊರೆದವಳಿಗೆ ಅಷ್ಟು ಹಕ್ಕೂ ಇಲ್ಲವೇ?

"ನಡೆಸ್ತೀನಿ," ಎಂದಳು. "ನೀನೂ ಬಾ. ಅವಳು ಏನು ಹೇಳಿದ್ರೂ ಇಬ್ಬರೂ ಒಟ್ಟಿಗೇ ಕೇಳೋಣ. ಅತ್ತೆ, ಚಪ್ಪಲಿ ಹಾಕ್ಕೋ. ದಾರಿ ತೋರಿಸು."

ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಅಲ್ಲಿಗೆ ಹೋಗಿ ಪ್ರಯೋಜನ ಇಲ್ಲ ಪುಟ್ಟಿ," ಎಂದಳು. "ನಿನ್ನೆ ಪೇಪರ್ ಬಂದ ಮೇಲೆ ನಾನು ಹೋಗಿದ್ದೆ. ಕೋಣೆ ಖಾಲಿ. ಬಟ್ಟೆಬರೆ ಒಂದೂ ಇಲ್ಲ, ಯಾರಿಗೂ ಹೇಳಿಲ್ಲ. ಅವತ್ತು ಊರೆಲ್ಲ ಓಡಿಹೋದಳು ಅಂದಾಗ ನಾನೊಬ್ಬಳೇ ಅದು ಸುಳ್ಳು ಅಂತ ಮನಸ್ಸಿನಲ್ಲಿ ಹೇಳ್ಕೊಳ್ತಿದ್ದೆ. ಈ ಸಲ ನಿಜವಾಗಿ ಓಡಿಹೋಗಿದ್ದಾಳೆ."